ಕರೆದು ತಂದ ಹೆಗ್ಗಣ

ಹೆಗ್ಗಣದ ವಿಷಯದಲ್ಲಿ ನಮ್ಮ ಜನ ಇಷ್ಟೊಂದು ನಿರ್ದಯರಾಗಿರುವುದು ಏಕೆಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಅದರ ಚಿಕ್ಕಪ್ಪನ ಮಗನಾದ ಇಲಿಗೆ ಗಣಪತಿಯ ವಾಹನವೆಂಬ ಪದವಿ ದೊರೆತಿದೆ. ವರ್ಷಕ್ಕೊಮ್ಮೆಯಾದರೂ ಅದರ ಪಾಲಿಗೆ ಒಂದು ಹೂವಿನ ಎಸಳು, ಒಂದು ಚೂರು ಕಡುಬು ಸಲ್ಲುತ್ತದೆ. ಅಳಿಲಿನ ಬೆನ್ನನ್ನಂತೂ ಸಾಕ್ಷಾತ್ ಶ್ರೀರಾಮನೇ ಸವರಿದ್ದಾನೆ. ಹೆಗ್ಗಣಕ್ಕೆ ಮಾತ್ರ ಪುರಾಣದಲ್ಲಿಯೂ ಸ್ಥಳವಿಲ್ಲ, ಮನೆಯಲ್ಲಿಯೂ ಸ್ಥಳವಿಲ್ಲ. ಅದಕ್ಕೆ ನಾವು ಬಿಟ್ಟುಕೊಟ್ಟಿರುವುದು ಬಚ್ಚಲ ಮೋರಿ ಮತ್ತು ಒಂದು ಗಾದೆ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣವನ್ನು ಬೆರಳು ಮಾಡಿ ತೋರಿಸುವ ಮಹಾಶಯನ ಗಾದೆ. ಆ ಗಾದೆಯೊಳಗೆ ಕಾಲಿಡಬೇಕಾದರೂ ಪಾಪ, ಅದು ಸತ್ತೇ ಹೋಗಿರಬೇಕು!

ನಾನು ಈಗ ಹೇಳಹೊರಟಿರುವುದು ನಮ್ಮ ಮೋರಿಯ ಹೆಗ್ಗಣದ ಕಥೆಯಲ್ಲ. ಕಡಲಾಚೆಯಲ್ಲಿರುವ ಅದರ ದೂರದ ನೆಂಟನದು. ನೆಂಟನೆಂದರೆ ಪ್ರಾಣಿಶಾಸ್ತ್ರ ಬಲ್ಲವರು ಆಕ್ಷೇಪಿಸಬಹುದು. ದಂಶಕಗಳ ದೊಡ್ಡ ಕುಲದಲ್ಲಿ ಅದು ಗಿನಿಹಂದಿಯ ಕಡೆಯವನೇ ಹೊರತು ಹೆಗ್ಗಣದ ಮನೆತನಕ್ಕೆ ಸೇರಿದವನಲ್ಲ. ಆದರೆ ಅದನ್ನು ಒಮ್ಮೆ ಕಣ್ಣಿಂದ ನೋಡಿದ ಕನ್ನಡಿಗನ ಬಾಯಿಂದ ಮೊದಲು ಹೊರಡುವ ಮಾತು 'ಹೆಗ್ಗಣ' ಎಂಬುದೇ. ಅದರ ಮೂಲ ಹೆಸರು ಕೋಯ್ಪು. ದಕ್ಷಿಣ ಅಮೆರಿಕದ ಮಾಪುಚೆ ಜನರ ನುಡಿಯಿಂದ ಬಂದ ಶಬ್ದ. ಅಲ್ಲಿಗೆ ಹೋದ ಸ್ಪೇನಿನವರು ಅದನ್ನು 'ನ್ಯೂಟ್ರಿಯಾ' ಎಂದರು; ಅವರ ಭಾಷೆಯಲ್ಲಿ ಹಾಗೆಂದರೆ ನೀರುನಾಯಿ. ಹೆಗ್ಗಣವನ್ನು ನಾಯಿಯೆಂದು ಕರೆದ ಆ ಸ್ಪೇನಿನವರ ಮುಂದೆ, ಗಿನಿಹಂದಿಯ ನೆಂಟನನ್ನು ಹೆಗ್ಗಣವೆಂದು ಕರೆದ ನಾನು ಅಷ್ಟೇನೂ ದೂರ ಹೋದವನಲ್ಲ.

ನಮ್ಮ ಮಗಳು ಅಳಿಯ ಅಮೆರಿಕದ ಲೂಸಿಯಾನ ರಾಜ್ಯದಲ್ಲಿ, ನ್ಯೂ ಆರ್ಲಿಯನ್ಸ್ ನಗರದ ಹೊರವಲಯದಲ್ಲಿದ್ದಾರೆ. ಮಗಳ ಮನೆಗೆ ಹೋದ ತಂದೆತಾಯಿಗಳ ಪಾಡು ನಿಮಗೆ ಗೊತ್ತೇ ಇದೆ. ಮೊದಲ ವಾರ ಎಲ್ಲವೂ ಬೆರಗು. ಎರಡನೆಯ ವಾರದಿಂದ ಕಿಟಕಿಯೇ ಗತಿ. ನಮ್ಮ ಬೇಸರವನ್ನು ಕಂಡು ಅಳಿಯ ಒಂದು ಶನಿವಾರ, ಮಾಗಿಯ ಚಳಿ ಇನ್ನೂ ಬಿಡದ ದಿನ, ಜೌಗುನಾಡು ತೋರಿಸುವುದಕ್ಕೆಂದು ನಮ್ಮನ್ನು ದೋಣಿ ಹತ್ತಿಸಿದ. ಮಿಸಿಸಿಪ್ಪಿ ನದಿ ಸಮುದ್ರ ಸೇರುವ ಕಡೆ ನೆಲ ಎಂಬುದು ನೆಲವಲ್ಲ, ನೀರು ಎಂಬುದು ನೀರಲ್ಲ. ಎಲ್ಲಿ ನೋಡಿದರೂ ಜೊಂಡು. ಜೊಂಡಿನ ನಡುವೆ ನಿಂತ ನೀರಿನ ಕಾಲುವೆಗಳು. ಕಾಲುವೆಯೊಳಗೆ ಮಂಡಿಯವರೆಗೆ ನೀರಿನಲ್ಲಿ ನಿಂತು ತಪಸ್ಸು ಮಾಡುವ ಸೈಪ್ರೆಸ್ ಮರಗಳು, ಮತ್ತು ಅವುಗಳಿಂದ ಜಡೆಯಂತೆ ಇಳಿಬಿದ್ದ ಬೂದು ಬಣ್ಣದ ಬಳ್ಳಿ.

ದೋಣಿಯವನು ಅರವತ್ತು ದಾಟಿದ ಮನುಷ್ಯ. ಅಲ್ಲಿಯೇ ಹುಟ್ಟಿ ಬೆಳೆದವನು. ಅವನ ಇಂಗ್ಲಿಷಿನಲ್ಲಿ ಅರ್ಧ ಫ್ರೆಂಚು. ಒಂಬತ್ತು ವರ್ಷದ ನಮ್ಮ ಮೊಮ್ಮಗ ದುಭಾಷಿಯಾಗದಿದ್ದರೆ ನನಗೆ ಅವನ ಮಾತಿನ ಕಾಲುಪಾಲೂ ದಕ್ಕುತ್ತಿರಲಿಲ್ಲ. ಅವನು ಹುಟ್ಟು ಹಾಕುವುದನ್ನು ನಿಲ್ಲಿಸಿ ಬೆರಳು ತೋರಿದ ಕಡೆ ನೋಡಿದರೆ, ಜೊಂಡಿನ ಹಾಸಿನ ಮೇಲೆ ಒಂದು ಪ್ರಾಣಿ ಕುಳಿತು, ಎರಡು ಕೈಗಳಲ್ಲಿ ಒಂದು ಗೆಡ್ಡೆಯನ್ನು ಹಿಡಿದು, ನೈವೇದ್ಯ ಸ್ವೀಕರಿಸುವ ಗಾಂಭೀರ್ಯದಿಂದ ಮೆಲ್ಲುತ್ತಿತ್ತು. ನಮ್ಮ ಹೆಗ್ಗಣವನ್ನು ನಾಲ್ಕೈದು ಪಾಲು ಹಿಗ್ಗಿಸಿ, ಮೀಸೆಗೆ ಸುಣ್ಣ ಬಳಿದು, ಕಂದು ಬಣ್ಣದ ಕಂಬಳಿ ಹೊದಿಸಿದರೆ ಹೇಗೋ ಹಾಗೆ. ಅದು ನಮ್ಮ ಕಡೆ ತಿರುಗಿ ಬಾಯಿ ತೆರೆಯಿತು. ಬಾಚಿಹಲ್ಲುಗಳು ಅಚ್ಚ ಕಿತ್ತಳೆಯ ಬಣ್ಣ!

"ಏನ್ರೀ ಇದು, ಊಟ ಮುಗಿಸಿ ತಾಂಬೂಲ ಹಾಕಿಕೊಂಡು ಕೂತ ಹಾಗಿದೆಯಲ್ಲ!" ಎಂದಳು ನಮ್ಮ ಮನೆಯಾಕೆ.

"ಅಲ್ಲ ಅಜ್ಜಿ, ಅದರ ಹಲ್ಲಿನ ಹೊರಪದರದಲ್ಲಿ ಕಬ್ಬಿಣ ಇದೆ, ಅದಕ್ಕೇ ಆ ಬಣ್ಣ" ಎಂದ ಮೊಮ್ಮಗ. ಈ ಕಾಲದ ಮಕ್ಕಳಿಗೆ ತಿಳಿಯದ್ದು ಯಾವುದಿದೆ?

ದೋಣಿಯವನು ಹೇಳಿದ್ದನ್ನೂ ಆಮೇಲೆ ಮನೆಯಲ್ಲಿ ಓದಿದ್ದನ್ನೂ ಕೂಡಿಸಿ ಹೇಳುವುದಾದರೆ, ನೀರಿನ ಬಾಳಿಗೆ ಇಷ್ಟು ಅಚ್ಚುಕಟ್ಟಾಗಿ ಹೊಂದಿಕೊಂಡ ದಂಶಕಗಳು ವಿರಳ. ತೂಕ ಐದರಿಂದ ಒಂಬತ್ತು ಕಿಲೋ. ಹಿಂಗಾಲಿನ ಬೆರಳುಗಳ ನಡುವೆ ಬಾತುಕೋಳಿಯ ಕಾಲಿನಲ್ಲಿರುವಂತೆ ಚರ್ಮದ ಪೊರೆ. ತುಟಿಗಳು ಬಾಚಿಹಲ್ಲಿನ ಹಿಂದೆ ಮುಚ್ಚಿಕೊಳ್ಳುತ್ತವೆ. ಆದ್ದರಿಂದ ಒಂದು ಗುಟುಕು ನೀರೂ ಒಳಗೆ ಹೋಗದಂತೆ ಮುಳುಗಿಕೊಂಡೇ ಬೇರು ಕಡಿಯಬಲ್ಲದು. ಹತ್ತು ನಿಮಿಷದವರೆಗೂ ಉಸಿರು ಕಟ್ಟಬಲ್ಲದು. ನಮ್ಮ ಪ್ರಾಣಾಯಾಮದ ಗುರುಗಳು ಗಮನಿಸಬೇಕು. ಎಲ್ಲಕ್ಕಿಂತ ನನ್ನನ್ನು ಬೆರಗುಗೊಳಿಸಿದ್ದು ತಾಯಿಯ ಮೈಕಟ್ಟು. ಅದರ ಮೊಲೆತೊಟ್ಟುಗಳು ಹೊಟ್ಟೆಯ ಕೆಳಗಿಲ್ಲ. ಪಕ್ಕೆಯಲ್ಲಿ, ಬೆನ್ನಿಗೆ ಸಮೀಪವಾಗಿ, ನೀರಿನ ಮಟ್ಟಕ್ಕಿಂತ ಮೇಲೆ ಇವೆ. ತಾಯಿ ಈಜುತ್ತಿದ್ದರೆ ಮರಿಗಳು ಪಕ್ಕದಲ್ಲಿ ತೇಲುತ್ತ ಹಾಲು ಕುಡಿಯುತ್ತವೆ. ನಾಲ್ಕು ತಿಂಗಳು ಚಿಲ್ಲರೆ ಗರ್ಭದಲ್ಲಿದ್ದು, ಕಣ್ಣು ತೆರೆದುಕೊಂಡೇ, ಮೈತುಂಬ ರೋಮ ಹೊದ್ದುಕೊಂಡೇ ಹುಟ್ಟುವ ಮರಿಗಳು ಒಂದೆರಡು ದಿನದಲ್ಲಿ ಈಜಿಗೆ ಸಿದ್ಧ. ತಾಯಿಯೂ ಒಂದೆರಡು ದಿನದಲ್ಲಿ ಮುಂದಿನ ಬಸಿರಿಗೆ ಸಿದ್ಧ. ಈ ಕೊನೆಯ ಸಂಗತಿಯೇ ಮುಂದಿನ ಕಥೆಗೆಲ್ಲ ಮೂಲ.

ಏಕೆಂದರೆ ಈ ಪ್ರಾಣಿ ಲೂಸಿಯಾನದ್ದಲ್ಲ. ಅದರ ತವರು ಅರ್ಜೆಂಟೀನ, ಚಿಲಿ, ಉರುಗ್ವೆಗಳ ಕೆರೆಹೊಳೆಗಳು. ಹೊರಗಿನ ಒರಟು ಕೂದಲನ್ನು ತೆಗೆದರೆ ಒಳಗೆ ಸಿಕ್ಕುವ ನಯವಾದ ತುಪ್ಪಟಕ್ಕೆ ಟೋಪಿ ಮಾಡುವವರೂ ಕೋಟು ಹೊಲಿಯುವವರೂ ಬೆಲೆ ಕೊಡುತ್ತಿದ್ದರು. ಅದಕ್ಕಾಗಿ 1899ರಲ್ಲಿ ಕ್ಯಾಲಿಫೋರ್ನಿಯಕ್ಕೂ, 1929ರಲ್ಲಿ ಇಂಗ್ಲೆಂಡಿಗೂ, 1930ರ ದಶಕದಲ್ಲಿ ಲೂಸಿಯಾನಕ್ಕೂ ಅದನ್ನು ಹಡಗು ಹತ್ತಿಸಿ ಕರೆತಂದರು. ಕರೆತಂದವರು ಪಂಜರ ಕಟ್ಟಿದರು, ಸಾಕಿದರು, ಕೆಲವರು ಕೈಸುಟ್ಟುಕೊಂಡರು, ಕೆಲವರು ಪಂಜರದ ಬಾಗಿಲು ತೆಗೆದರು.

ಲೂಸಿಯಾನದಲ್ಲಿ ಇದರ ಬಗ್ಗೆ ಒಂದು ಸ್ಥಳಪುರಾಣವೇ ಇದೆ. ತಬಾಸ್ಕೊ ಎಂಬ ಮೆಣಸಿನ ಗೊಜ್ಜಿನಿಂದ ಪ್ರಸಿದ್ಧವಾದ ಏವರಿ ದ್ವೀಪದ ಒಡೆಯ ಎಡ್ವರ್ಡ್ ಮ್ಯಾಕಿಲ್ಹೆನಿ ಎಂಬಾತ ಅರ್ಜೆಂಟೀನದಿಂದ ಒಂದಿಷ್ಟು ನ್ಯೂಟ್ರಿಯಾಗಳನ್ನು ತರಿಸಿದನಂತೆ, 1940ರ ಬಿರುಗಾಳಿಗೆ ಪಂಜರ ಮುರಿಯಿತಂತೆ, ಅವು ಓಡಿಹೋದುವಂತೆ. ದೋಣಿಯವನೂ ಇದನ್ನೇ ಹೇಳಿದ. ಆದರೆ ಆ ಮನೆತನದ ಕಾಗದಪತ್ರಗಳನ್ನೇ ಕೆದಕಿದ ಇತಿಹಾಸಕಾರರೊಬ್ಬರು ಬೇರೆ ಸಂಗತಿ ಹೊರತೆಗೆದಿದ್ದಾರೆ. ಮ್ಯಾಕಿಲ್ಹೆನಿ ಇವನ್ನು 1938ರಲ್ಲಿ ನ್ಯೂ ಆರ್ಲಿಯನ್ಸಿನ ಸಮೀಪದ ಒಬ್ಬ ವ್ಯಾಪಾರಿಯಿಂದಲೇ ಕೊಂಡದ್ದು. ಅವನಿಗಿಂತ ಮೊದಲೇ ಬೇರೆಯವರು ಸಾಕುತ್ತಿದ್ದರು. ಅವನು 1940ರ ದಶಕದಲ್ಲಿ ಬುದ್ಧಿಪೂರ್ವಕವಾಗಿಯೇ ಅವನ್ನು ಜೌಗಿಗೆ ಬಿಟ್ಟ. ಈತ ದುಷ್ಟನಲ್ಲ ಎಂಬುದನ್ನೂ ಹೇಳಬೇಕು. ಹೆಂಗಸರ ಟೋಪಿಯ ಗರಿಗಾಗಿ ಬೇಟೆಗಾರರು ನಿರ್ನಾಮ ಮಾಡುತ್ತಿದ್ದ ಬೆಳ್ಳಕ್ಕಿಗಳಿಗೆ ತನ್ನ ದ್ವೀಪದಲ್ಲಿ ಆಶ್ರಯ ಕೊಟ್ಟು ಉಳಿಸಿದ ಪುಣ್ಯಾತ್ಮ ಅವನೇ. ಟೋಪಿಯಿಂದ ಒಂದು ಜೀವವನ್ನು ಕಾಪಾಡಿದವನು ಟೋಪಿಗೆಂದೇ ಇನ್ನೊಂದನ್ನು ಬೆಳೆಸಿದ! ಮನುಷ್ಯನ ಸ್ವಭಾವವೇ ಹೀಗೆ. ಆದರೆ ಜನ ಬಿರುಗಾಳಿಯ ಕಥೆಯನ್ನೇ ಇಷ್ಟಪಡುತ್ತಾರೆ. ಗಾಳಿಗೆ ವಕೀಲನಿಲ್ಲ, ಅಪವಾದವನ್ನು ಎಷ್ಟು ಹೊರಿಸಿದರೂ ಹೊರುತ್ತದೆ.

ಇನ್ನೊಂದು ಕಾರಣಕ್ಕೂ ಜನ ಈ ಪ್ರಾಣಿಯನ್ನು ಆದರದಿಂದ ಬರಮಾಡಿಕೊಂಡರು. ಬೆಂಗಳೂರಿನ ಕೆರೆಗಳನ್ನು ಬಲ್ಲವರಿಗೆ ಅಂತರಗಂಗೆಯ ಪರಿಚಯ ಹೇಳಬೇಕಾಗಿಲ್ಲ. ನೀಲಿ ಹೂ ಬಿಟ್ಟು, ನೋಡುವುದಕ್ಕೆ ಚೆಲುವಾಗಿ, ನೋಡನೋಡುತ್ತಿದ್ದಂತೆ ಇಡೀ ಕೆರೆಯನ್ನೇ ನುಂಗುವ ಆ ಕಳೆ ದಕ್ಷಿಣ ಅಮೆರಿಕದಿಂದ ನಮ್ಮಲ್ಲಿಗೆ ಬಂದಂತೆಯೇ ಲೂಸಿಯಾನಕ್ಕೂ ಬಂದಿತ್ತು. ಕಾಲುವೆಗಳಲ್ಲಿ ದೋಣಿ ಹೋಗದಂತೆ ತುಂಬಿಕೊಂಡಿತ್ತು. ಅದನ್ನು ತಿನ್ನಿಸುವುದಕ್ಕೆ ಆಫ್ರಿಕದಿಂದ ನೀರಾನೆಗಳನ್ನು ತರಿಸಬೇಕೆಂದು ಲೂಸಿಯಾನದ ಪ್ರತಿನಿಧಿ ರಾಬರ್ಟ್ ಬ್ರೌಸಾರ್ಡ್ 1910ರಲ್ಲಿ ಅಮೆರಿಕದ ಶಾಸನಸಭೆಯಲ್ಲಿ ಮಸೂದೆಯನ್ನೇ ಮಂಡಿಸಿದ್ದ. ಕಳೆಯೂ ಹೋಗುತ್ತದೆ, ದೇಶಕ್ಕೆ ಮಾಂಸವೂ ಸಿಗುತ್ತದೆ ಎಂಬುದು ವಾದ. ದೈವವಶಾತ್ ಮಸೂದೆ ಬಿದ್ದುಹೋಯಿತು. ನೀರಾನೆ ತಪ್ಪಿತು, ಮೂವತ್ತು ವರ್ಷದ ಮೇಲೆ ನ್ಯೂಟ್ರಿಯಾ ಬಂತು. 'ಕಳೆ ಕೀಳುವ ಪ್ರಾಣಿ' ಎಂದು ಹೊಗಳಿ ಅದನ್ನು ಊರೂರಿನ ಕೆರೆಕುಂಟೆಗಳಿಗೆ ಬಿಟ್ಟರು. ಅದು ಕಳೆಯನ್ನು ಮೂಸಿ ನೋಡಿ, ಪಕ್ಕದ ಒಳ್ಳೆಯ ಹುಲ್ಲನ್ನೇ ಆರಿಸಿಕೊಂಡಿತು.

ದಿನಕ್ಕೆ ತನ್ನ ತೂಕದ ಕಾಲುಭಾಗದವರೆಗೂ ಅದು ತಿನ್ನುತ್ತದೆ. ತಿನ್ನುವುದಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಮೇದ ಹುಲ್ಲು ಮತ್ತೆ ಚಿಗುರುತ್ತದೆ. ಆದರೆ ಇದು ಬುಡವನ್ನು ಅಗೆದು ಬೇರನ್ನೇ ಕಡಿಯುತ್ತದೆ. ಜೌಗುನಾಡಿನ ಮಣ್ಣನ್ನು ಹಿಡಿದಿಟ್ಟಿರುವುದು ಆ ಬೇರಿನ ಹೆಣಿಗೆಯೊಂದೇ. ಹೆಣಿಗೆ ಬಿಚ್ಚಿತೆಂದರೆ ಕೆಸರು ಕರಗುತ್ತದೆ, ಅಲೆ ಬಂದು ಒಯ್ಯುತ್ತದೆ, ಹಸಿರು ಇದ್ದ ಕಡೆ ಬಯಲುನೀರು ಉಳಿಯುತ್ತದೆ.

1950ರ ದಶಕ ಮುಗಿಯುವ ವೇಳೆಗೆ ಲೂಸಿಯಾನದಲ್ಲಿ ಎರಡು ಕೋಟಿ ನ್ಯೂಟ್ರಿಯಾಗಳಿದ್ದುವೆಂದು ಅಂದಾಜು. 1957ರಲ್ಲಿ ಆಡ್ರಿ ಎಂಬ ಚಂಡಮಾರುತ ಅವನ್ನು ಬತ್ತದ ಗದ್ದೆಗೂ ಕಬ್ಬಿನ ತೋಟಕ್ಕೂ ನೂಕಿತು. ಮರುವರ್ಷ ಸರಕಾರ ಒಂದೊಂದು ನ್ಯೂಟ್ರಿಯಾಕ್ಕೆ ಇಪ್ಪತ್ತೈದು ಸೆಂಟಿನ ಬಹುಮಾನ ಸಾರಿತು. ಆದರೆ ಅದಕ್ಕೆ ಹಣವನ್ನು ಮಾತ್ರ ಮಂಜೂರು ಮಾಡಲಿಲ್ಲ. ಇದನ್ನು ಓದಿದಾಗ ದೂರದ ದೇಶದಲ್ಲಿ ಹಳೆಯ ಗೆಳೆಯನನ್ನು ಕಂಡಷ್ಟು ಸಂತೋಷವಾಯಿತು. ಅಷ್ಟರಲ್ಲಿ ತುಪ್ಪಟದ ಬೆಲೆ ಏರಿತು. ಶಾಪ ವರವಾಯಿತು. 1965ರಲ್ಲಿ ಅದೇ ಪ್ರಾಣಿಗೆ ಕಾನೂನಿನ ರಕ್ಷಣೆ ಕೊಟ್ಟರು. 1976ರಲ್ಲಿ ಹದಿನೆಂಟು ಲಕ್ಷ ಚರ್ಮ ಮಾರಾಟವಾದುವು. 1980ರ ದಶಕದಲ್ಲಿ ತುಪ್ಪಟದ ಕೋಟು ತೊಡುವುದನ್ನು ಲೋಕ ಬಿಟ್ಟಿತು, ಬೇಟೆ ನಿಂತಿತು, ಪ್ರಾಣಿ ಮತ್ತೆ ಹೆಚ್ಚಿತು, ವರ ಮತ್ತೆ ಶಾಪವಾಯಿತು. 2002ರಿಂದ ಹೊಸ ಯೋಜನೆ. ಏಳು ಅಂಗುಲಕ್ಕೆ ಕಡಿಮೆಯಿಲ್ಲದ ಬಾಲ ತಂದವರಿಗೆ ಬಾಲವೊಂದಕ್ಕೆ ನಾಲ್ಕು ಡಾಲರು. ಆಮೇಲೆ ಅದು ಐದಾಗಿ, 2019ರಲ್ಲಿ ಆರಾಯಿತು. ಈ ಸಲ ಹಣವೂ ಬಂತು. ಯೋಜನೆ ಆರಂಭವಾದಾಗ ಎಂಬತ್ತು ಸಾವಿರ ಎಕರೆಗೂ ಮೇಲೆ ಹಾಳಾಗಿದ್ದ ಜೌಗು ಆಮೇಲಾಮೇಲೆ ಬಹಳವಾಗಿ ಚೇತರಿಸಿಕೊಂಡಿತು ಎಂಬುದನ್ನು ಒಪ್ಪಲೇಬೇಕು.

ಇಂಗ್ಲೆಂಡಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಪೂರ್ವ ಆಂಗ್ಲಿಯದ ಜೌಗಿನಲ್ಲಿ ಒಂದೂ ಉಳಿಯಬಾರದೆಂದು 1981ರಲ್ಲಿ ಇಪ್ಪತ್ತನಾಲ್ಕು ಜನ ಬೋನುಗಾರರನ್ನು ನೇಮಿಸಿದರು. ಇಲ್ಲೊಂದು ಸೂಕ್ಷ್ಮ ಪ್ರಶ್ನೆ ಬಂತು. ಕೊನೆಯ ಕೋಯ್ಪುವನ್ನು ಹಿಡಿದ ದಿನವೇ ಹಿಡಿದವನ ನೌಕರಿ ಹೋಗುತ್ತದೆ. ತನ್ನ ಅನ್ನಕ್ಕೆ ತಾನೇ ಬೋನು ಒಡ್ಡುವವನು ಯಾರು? ಕಚೇರಿಗಳಲ್ಲಿ ಕಡತಗಳು ಏಕೆ ಮುಗಿಯುವುದಿಲ್ಲ ಎಂಬುದನ್ನು ಬಲ್ಲ ನನ್ನಂಥವನಿಗೆ ಈ ಪ್ರಶ್ನೆ ಹೊಸದಲ್ಲ. ಆದರೆ ಅವರು ಉತ್ತರ ಕಂಡುಹಿಡಿದರು. ಹತ್ತು ವರ್ಷದೊಳಗೆ ಕೆಲಸ ಪೂರ್ತಿ ಮುಗಿದರೆ ದೊಡ್ಡ ಮೊತ್ತದ ಇನಾಮು. ಬೇಗ ಮುಗಿದಷ್ಟೂ ಹೆಚ್ಚು. 1989ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಕೋಯ್ಪು ಇಲ್ಲವಾಯಿತು.

ದೋಣಿಯಲ್ಲಿ ಈ ಬಾಲದ ಲೆಕ್ಕವನ್ನು ಕೇಳುತ್ತ ನಮ್ಮ ಮನೆಯಾಕೆ 'ಪಾಪ' ಎಂದಳು. ಮೊಮ್ಮಗ ದೋಣಿಯವನನ್ನು ಕೇಳಿದ: "ಅದನ್ನು ಅದರ ಊರಿಗೇ ವಾಪಸು ಕಳಿಸಬಾರದೆ?" ಮುದುಕ ನಕ್ಕ. ಅದಕ್ಕೆ ಇದೇ ಊರು, ಅದರ ಮುತ್ತಜ್ಜನ ಮುತ್ತಜ್ಜ ಇಲ್ಲೇ ಹುಟ್ಟಿದ್ದು ಎಂದ. ಆಮೇಲೆ ಹುಟ್ಟಿನ ತುದಿಯಿಂದ ಬಯಲುನೀರಿನ ಕಡೆ ತೋರಿಸಿ, "ಅಲ್ಲಿ ನಮ್ಮಜ್ಜ ದನ ಮೇಯಿಸುತ್ತಿದ್ದ" ಎಂದ. ಕಣ್ಣು ಹರಿಯುವಷ್ಟು ದೂರವೂ ನೀರು. ಒಂದು ಒಣ ಮರದ ಕೊರಡು, ಅದರ ಮೇಲೊಂದು ನೀರುಕಾಗೆ.

ನನಗೆ ಆ ಮಾತನ್ನು ಮೊಮ್ಮಗ ಕನ್ನಡಕ್ಕೆ ತಿರುಗಿಸಬೇಕಾಗಿರಲಿಲ್ಲ. ನಾನು ಹುಟ್ಟಿದ ಮನೆ ಮಲೆನಾಡಿನ ಒಂದು ಅಣೆಕಟ್ಟಿನ ಹಿನ್ನೀರಿನ ಕೆಳಗಿದೆ. ಬೇಸಿಗೆ ಬಿರುಸಾದ ವರ್ಷ ನೀರು ಇಳಿದು, ನಮ್ಮ ಅಂಗಳದ ತುಳಸಿಕಟ್ಟೆಯ ಕಲ್ಲುಗಳು, ಬಾವಿಯ ಕಟ್ಟೆಯ ಅರ್ಧ ಸುತ್ತು ಮೇಲೆ ಬರುತ್ತವೆ. ಅಪ್ಪ ಬದುಕಿರುವವರೆಗೆ ಅಂಥ ವರ್ಷಗಳಲ್ಲಿ ಅಲ್ಲಿಗೆ ಹೋಗಿ, ಬಿರಿದ ಕೆಸರಿನ ಮೇಲೆ ನಿಂತು, "ಇದು ಅಡಿಗೆಮನೆ, ಇದು ಕೊಟ್ಟಿಗೆ" ಎಂದು ನಮಗೆ ತೋರಿಸುತ್ತಿದ್ದರು. ನಮ್ಮ ನೆಲ ಮುಳುಗಿದ್ದಕ್ಕೆ ಒಂದು ತಾರೀಖು ಇತ್ತು, ಅದಕ್ಕೊಂದು ಕಾರಣವಿತ್ತು, ಆ ನೀರಿನಿಂದ ಎಲ್ಲೋ ದೀಪ ಹತ್ತುತ್ತದೆ ಎಂಬ ಸಮಾಧಾನವೂ ಇತ್ತು. ಈ ಮುದುಕನ ನೆಲಕ್ಕೆ ತಾರೀಖೂ ಇಲ್ಲ. ಅದು ಮಂಚದ ಮೇಲಿನ ರೋಗಿಯಂತೆ ದಿನದಿನಕ್ಕೆ ಇಷ್ಟಿಷ್ಟೇ ಹೋಯಿತು. ಇಳಿಯುವ ಬೇಸಿಗೆಯೂ ಅದಕ್ಕಿಲ್ಲ.

"ಎಲ್ಲವನ್ನೂ ಇದೇ ತಿಂದಿತೆ?" ಎಂದು ನಾನು ಕೇಳಿಸಿದೆ.

ಮುದುಕ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ದೋಣಿಯನ್ನು ಒಂದು ಕಾಲುವೆಗೆ ತಿರುಗಿಸಿದ. ಆ ಕಾಲುವೆ ಹಗ್ಗ ಹಿಡಿದು ಗೆರೆ ಎಳೆದಷ್ಟು ನೆಟ್ಟಗೆ ಹೋಗಿತ್ತು. "ಹೆಗ್ಗಣಕ್ಕೆ ಇಷ್ಟು ನೆಟ್ಟಗೆ ಅಗೆಯುವುದು ಬರುವುದಿಲ್ಲ" ಎಂದ.

ಸಂಗತಿ ಇದು. 1932ರಿಂದ 2016ರವರೆಗೆ ಲೂಸಿಯಾನದ ಕರಾವಳಿಯಲ್ಲಿ ಸುಮಾರು 4,833 ಚದರ ಕಿಲೋಮೀಟರು ನೆಲ ನೀರಾಗಿದೆಯೆಂದು ಅಮೆರಿಕದ ಭೂಗರ್ಭ ಸರ್ವೇಕ್ಷಣ ಇಲಾಖೆ ಲೆಕ್ಕ ಹಾಕಿದೆ. ನಮ್ಮ ಕೊಡಗು ಜಿಲ್ಲೆಯ ವಿಸ್ತೀರ್ಣ 4,102. ಇಡೀ ಕೊಡಗು ಮುಳುಗಿ, ಮೇಲೆ ಇನ್ನಷ್ಟು! ಇದರಲ್ಲಿ ಹಲ್ಲಿನ ಪಾಲು ಉಂಟು; ಆದರೆ ಅದು ಚಿಕ್ಕ ಪಾಲು. ಆ ನಾಡನ್ನು ಕಟ್ಟಿದ್ದೇ ಮಿಸಿಸಿಪ್ಪಿ. ವರ್ಷ ವರ್ಷವೂ ಉಕ್ಕಿ, ಹೊಸ ಮೆಕ್ಕಲನ್ನು ಹರಡಿ, ಕುಸಿಯುವ ನೆಲವನ್ನು ಅದು ಮೇಲೆತ್ತುತ್ತಿತ್ತು. 1927ರ ಮಹಾಪೂರದ ನಂತರ ಎತ್ತರದ ಒಡ್ಡುಗಳನ್ನು ಕಟ್ಟಿ ನದಿಯನ್ನು ಬಿಗಿದರು. ಊರುಗಳು ಉಳಿದುವು, ಮೆಕ್ಕಲು ನೇರವಾಗಿ ಆಳ ಸಮುದ್ರಕ್ಕೆ ಹೋಯಿತು. ಎಣ್ಣೆ, ಅನಿಲಗಳಿಗಾಗಿ ಜೌಗಿನ ನಡುವೆ ಸುಮಾರು ಹತ್ತು ಸಾವಿರ ಮೈಲಿ ಉದ್ದದ ಕಾಲುವೆ ತೋಡಿದರು. ಆ ದಾರಿಯಲ್ಲಿ ಉಪ್ಪುನೀರು ಒಳಗೆ ಬಂದು ಸಿಹಿನೀರಿನ ಹುಲ್ಲನ್ನು ಕೊಂದಿತು. ಇದರ ಮೇಲೆ ಈಗ ಸಮುದ್ರವೂ ಏರುತ್ತಿದೆ.

ಒಡ್ಡಿಗೆ ಬಾಲವಿಲ್ಲ, ಕಾಲುವೆಗೆ ಬಾಲವಿಲ್ಲ. ಕತ್ತರಿಸಿ ತಂದು ಮೇಜಿನ ಮೇಲಿಟ್ಟು ಎಣಿಸಿ ರಸೀತಿ ಪಡೆಯಬಹುದಾದದ್ದು ಹೆಗ್ಗಣದ ಬಾಲವೊಂದೇ. ಅದನ್ನು ಎಣಿಸುವುದು ತಪ್ಪೆಂದು ನಾನು ಹೇಳುವುದಿಲ್ಲ. ನಾನು ಎಲೆ ತುದಿಯಲ್ಲಿ ಇರುವೆ ಕಂಡರೂ ಊದಿ ಬಿಡುವ ಮನೆತನದವನು. ಆದರೂ ಆ ಮುದುಕನ ಊರಿನಲ್ಲಿ ಹುಟ್ಟಿದ್ದರೆ ಬೋನು ಇಡುತ್ತಿದ್ದೆನೋ ಏನೋ. ಇರುವ ಹುಲ್ಲನ್ನು ಉಳಿಸಿಕೊಳ್ಳಬೇಕಲ್ಲ. ನನಗೆ ಕಸಿವಿಸಿಯಾದದ್ದು ಕೊಲ್ಲುವುದಕ್ಕಿಂತ ಹೆಚ್ಚಾಗಿ, ಕೊಂದ ಮೇಲೆ ಕೈ ತೊಳೆದುಕೊಳ್ಳುವ ನೆಮ್ಮದಿಗೆ. ಕೋಟು ಬೇಕಾದಾಗ ಕರೆತಂದವರು, ಕಳೆ ಕೀಳಲೆಂದು ಬಿಟ್ಟವರು, ಬೆಲೆ ಬಂದಾಗ ರಕ್ಷಿಸಿದವರು, ಬೆಲೆ ಬಿದ್ದಾಗ ಬಾಲಕ್ಕೆ ಬೆಲೆ ಕಟ್ಟಿದವರು ಎಲ್ಲರೂ ನಾವೇ. ಅದು ಮಾತ್ರ ಮೊದಲ ದಿನದಿಂದ ಇಂದಿನವರೆಗೆ ಒಂದೇ ಕೆಲಸ ಮಾಡಿದೆ: ಹಸಿವಾದಾಗ ತಿಂದಿದೆ.

ಮುದುಕನಲ್ಲಿ ನಾನು ಮೆಚ್ಚಿದ್ದು ಇದನ್ನೇ. ಚಳಿಗಾಲದಲ್ಲಿ ಅವನೂ ಬಾಲ ಕತ್ತರಿಸಿ ಒಪ್ಪಿಸುತ್ತಾನೆ. ಆ ಡಾಲರುಗಳಿಂದಲೇ ದೋಣಿಯ ಎಣ್ಣೆಯ ಖರ್ಚು ಹೊರಡುತ್ತದೆಯಂತೆ. ಆದರೂ ಅದನ್ನು ಅವನು ಬೈಯಲಿಲ್ಲ. ಅದರ ಮೇಲೆ ಅವನಿಗಿದ್ದದ್ದು, ಒಂದೇ ಓಣಿಯಲ್ಲಿ ಬಹುಕಾಲ ವ್ಯಾಜ್ಯವಾಡಿದ ಎದುರುಪಕ್ಷದವನ ಮೇಲಿರುವಂಥ ಒಂದು ಬಗೆಯ ಸಲಿಗೆ.

ನಾವು ಹಿಂದಿರುಗುವ ಮುನ್ನ ಮೊಮ್ಮಗನ ಶಾಲೆಯ ಮಕ್ಕಳನ್ನು ಜೌಗಿನ ಅಂಚಿಗೆ ಕರೆದೊಯ್ದು ಸೈಪ್ರೆಸ್ ಸಸಿಗಳನ್ನು ನೆಡಿಸಿದರು. ಸಸಿಯ ಬುಡಕ್ಕೆ ನ್ಯೂಟ್ರಿಯಾ ಬಾಯಿ ಹಾಕದಂತೆ ಪ್ಲಾಸ್ಟಿಕ್ಕಿನ ಒಂದು ಕೊಳವೆಯನ್ನು ತೊಡಿಸುತ್ತಾರೆ. ಊರಿಗೆ ಬಂದ ಮೇಲೆ ವಾರಕ್ಕೊಮ್ಮೆ ದೂರವಾಣಿಯಲ್ಲಿ ಮಾತಾಡುವಾಗ ನಾನು ತಪ್ಪದೆ ಆ ಸಸಿಯ ಕ್ಷೇಮ ವಿಚಾರಿಸುತ್ತೇನೆ.

"ಚೆನ್ನಾಗಿದೆ ಅಜ್ಜ. ಎರಡು ಹೊಸ ಟಿಸಿಲು ಬಂದಿವೆ. ಹೆಗ್ಗಣ ಒಂದು ಸಲವೂ ಮುಟ್ಟಿಲ್ಲ" ಎಂದ ಮೊನ್ನೆ.

"ನೀರು ಎಲ್ಲಿಗಿದೆ?" ಎಂದೆ.

ಅವನು ಸ್ವಲ್ಪ ಯೋಚಿಸಿದ. "ನೆಟ್ಟ ದಿನಕ್ಕಿಂತ ಒಂದು ಗೇಣು ಮೇಲಿದೆ" ಎಂದ.